‘ಎಕ್ಸ್‌ಪೆಕ್ಟ್’ ಎಂಬ ಕ್ರಿಯಾಪದ ಮತ್ತು ಕನ್ನಡದ ‘ಬೇಕು’

ಅನುವಾದ ಕಮ್ಮಟವೊಂದರಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ

ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯ ಸೂಚನಾ ಫಲಕದಲ್ಲಿ ಅಂಟಿಸಿದ್ದ ಸುತ್ತೋಲೆಯನ್ನು ಓದುತ್ತ ನಿಂತಿದ್ದೆ. ‘ಸಿಬ್ಬಂದಿ ವರ್ಗದವರೆಲ್ಲರೂ ಬೆಳಿಗ್ಗೆ 10 ಗಂಟೆಗೆ ಸರಿಯಾಗಿ ಹಾಜರಿರುವುದನ್ನು ನಿರೀಕ್ಷಿಸಲಾಗಿದೆ’ ಎಂದು ಅದರಲ್ಲಿ ಬರೆದಿತ್ತು. ಪಕ್ಕದಲ್ಲಿದ್ದ ಹಿರಿಯ ಜವಾನರೊಬ್ಬರು ಅದನ್ನು ಎರಡು ಸಲ ಓದಿ, ‘ಬಂದರೂ ಬರಬಹುದು ಅಂತ ಸಾಹೇಬರು ಆಸೆ ಇಟ್ಕೊಂಡವ್ರೆ, ಪಾಪ’ ಎಂದು ನಕ್ಕು ಹೋದರು. ಅದರ ಇಂಗ್ಲಿಷ್ ಮೂಲವೂ ಕೆಳಗೇ ಇತ್ತು. ‘ಆಲ್ ಸ್ಟಾಫ್ ಆರ್ ಎಕ್ಸ್‌ಪೆಕ್ಟೆಡ್ ಟು ಬಿ ಪ್ರೆಸೆಂಟ್’ ಎಂಬ ಆ ಮಾತನ್ನು ಇಂಗ್ಲಿಷ್ ಬಲ್ಲ ಯಾರೂ ಸಾಹೇಬರ ಆಸೆಯೆಂದು ತಿಳಿಯುವುದಿಲ್ಲ. ಅದು ದನಿ ತಗ್ಗಿಸಿ ಹೇಳಿದ ಆಜ್ಞೆ. ತಡವಾಗಿ ಬಂದವರ ಅರ್ಧ ದಿನದ ರಜೆ ಕಡಿತವಾಗುವುದು ಆ ಆಜ್ಞೆಯ ಬಲದಿಂದಲೇ. ಕನ್ನಡಕ್ಕೆ ಬಂದಾಗ ಆ ಆಜ್ಞೆ ಎಲ್ಲಿ ಹೋಯಿತು? ಅನುವಾದಕರು ನಿಘಂಟಿನಲ್ಲಿ ತಪ್ಪು ಪುಟ ತೆರೆದರೆಂದು ಹೇಳುವಂತಿಲ್ಲ, ಏಕೆಂದರೆ ‘ಎಕ್ಸ್‌ಪೆಕ್ಟ್’ ಎಂಬಲ್ಲಿ ನಾವು ಮೊದಲು ಕಾಣುವ ಪದ ‘ನಿರೀಕ್ಷಿಸು’ ಎಂಬುದೇ. ಪದ ಸರಿಯಿದ್ದೂ ವಾಕ್ಯ ತಪ್ಪಿದ್ದು ಹೇಗೆ ಎಂಬುದನ್ನು ವಿಚಾರಿಸುವುದು ಈ ಹೊತ್ತಿನ ನನ್ನ ಕೆಲಸ.

ಬೇರಿನಿಂದ ಆರಂಭಿಸೋಣ, ಏಕೆಂದರೆ ಬೇರಿನ ಮಟ್ಟದಲ್ಲಿ ಈ ಎರಡು ಪದಗಳು ಬೆರಗುಗೊಳಿಸುವಷ್ಟು ಹತ್ತಿರದವು. ಲ್ಯಾಟಿನ್ನಿನಲ್ಲಿ ‘ಎಕ್ಸ್’ ಎಂದರೆ ಹೊರಕ್ಕೆ, ‘ಸ್ಪೆಕ್ಟಾರೆ’ ಎಂದರೆ ನೋಡುವುದು. ಬಾಗಿಲಾಚೆ ಕಣ್ಣು ಚಾಚಿ, ಬರುವವರು ಬಂದರೇ ಎಂದು ನೋಡುವ ಚಿತ್ರ ಆ ಪದದೊಳಗಿದೆ. ನಮ್ಮ ‘ನಿರೀಕ್ಷೆ’ಯ ಧಾತು ‘ಈಕ್ಷ್’. ಅದರ ಅರ್ಥವೂ ನೋಡುವುದೇ. ಒಂದೇ ಧಾತುವಿಗೆ ಬೇರೆ ಬೇರೆ ಉಪಸರ್ಗ ಸೇರಿ ಪರೀಕ್ಷೆ, ಸಮೀಕ್ಷೆ, ಅಪೇಕ್ಷೆ, ಉಪೇಕ್ಷೆ, ಪ್ರತೀಕ್ಷೆಗಳು ಹುಟ್ಟಿವೆ; ಸುತ್ತಲೂ ನೋಡಿದರೆ ಪರೀಕ್ಷೆ, ನೋಡಿಯೂ ನೋಡದಂತಿದ್ದರೆ ಉಪೇಕ್ಷೆ. ಸಂಸ್ಕೃತದಲ್ಲಿ ‘ನಿರೀಕ್ಷ್’ ಎಂಬುದರ ಮುಖ್ಯ ಅರ್ಥ ದಿಟ್ಟಿಸಿ ನೋಡುವುದು, ತಪಾಸಣೆ ಮಾಡುವುದು. ಹಿಂದಿಯವರು ‘ನಿರೀಕ್ಷಣ್’ ಎಂದು ಇಂದಿಗೂ ತಪಾಸಣೆಯನ್ನೇ ಕರೆಯುತ್ತಾರೆ. ಆ ಹಳೆಯ ಅರ್ಥ ನಮ್ಮಲ್ಲೂ ಕಚೇರಿಗಳಲ್ಲಿ ಉಳಿದಿದೆ: ಕಂದಾಯ ನಿರೀಕ್ಷಕರು ಯಾರ ದಾರಿಯನ್ನೂ ಕಾಯುತ್ತ ಕೂರುವವರಲ್ಲ, ಪಹಣಿ ತೆಗೆದು ಜಮೀನು ನೋಡುವವರು. ‘ಇನ್‌ಸ್ಪೆಕ್ಟರ್’ ಎಂಬ ಇಂಗ್ಲಿಷ್ ಪದದಲ್ಲಿರುವುದೂ ‘ಎಕ್ಸ್‌ಪೆಕ್ಟ್’ನಲ್ಲಿರುವ ಅದೇ ಲ್ಯಾಟಿನ್ ಬೇರು. ಹೀಗೆ ಎರಡು ಭಾಷಾ ಪರಂಪರೆಗಳು ತಮ್ಮ ಪಾಡಿಗೆ ತಾವು ನೋಟದಿಂದಲೇ ತಪಾಸಣೆಯನ್ನೂ ನಿರೀಕ್ಷೆಯನ್ನೂ ಹೊರಡಿಸಿವೆ. ಅಚ್ಚಗನ್ನಡದ ‘ಎದುರುನೋಡು’, ‘ದಾರಿ ನೋಡು’ ಎಂಬ ಮಾತುಗಳಲ್ಲೂ ಕಣ್ಣೇ ಇದೆಯೆಂಬುದನ್ನು ಗಮನಿಸಿ.

ಆದರೆ ಪದದ ಹುಟ್ಟು ಅದರ ಇಂದಿನ ಬಾಳನ್ನು ಹೇಳುವುದಿಲ್ಲ. ಇಂಗ್ಲಿಷಿಗೆ ಬಂದ ಹೊಸತರಲ್ಲಿ ‘ಎಕ್ಸ್‌ಪೆಕ್ಟ್’ ಎಂದರೆ ಕಾಯುವುದು ಎಂಬ ಅರ್ಥವೂ ಇತ್ತು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ, ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯದಲ್ಲಿ, ಶತ್ರುಗಳು ಪಾದಪೀಠವಾಗುವ ತನಕ ‘ಎಕ್ಸ್‌ಪೆಕ್ಟಿಂಗ್’ ಎಂಬ ಪ್ರಯೋಗವಿದೆ. ಅಲ್ಲಿ ಅದಕ್ಕೆ ಕಾಯುತ್ತ ಎಂದೇ ಅರ್ಥ. ಇಂದಿನ ಇಂಗ್ಲಿಷಿನಲ್ಲಿ ಆ ಅರ್ಥ ಸತ್ತಿದೆ, ಆ ಕೆಲಸವನ್ನು ‘ವೇಟ್’ ವಹಿಸಿಕೊಂಡಿದೆ. ಕನ್ನಡದಿಂದ ಇಂಗ್ಲಿಷಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ಬಂದು ‘ಐ ಎಕ್ಸ್‌ಪೆಕ್ಟೆಡ್ ಯೂ ಫಾರ್ ಹಾಫ್ ಆನ್ ಅವರ್’ ಎನ್ನುವುದುಂಟು. ಕಾಯುವುದು ಮೈಯ ಕೆಲಸ, ‘ಎಕ್ಸ್‌ಪೆಕ್ಟ್’ ಮನಸ್ಸಿನ ಸ್ಥಿತಿ. ಬರುತ್ತಾರೆಂಬ ಎಣಿಕೆ ಇಲ್ಲದೆಯೂ ಕಾಯಬಹುದು. ಮುಂದಿನ ವರ್ಷ ಬೇಳೆಯ ಬೆಲೆ ಏರುತ್ತದೆಂದು ಎಣಿಸಿದವರು ಅದಕ್ಕಾಗಿ ಕಾಯುತ್ತ ಕೂರುವುದಿಲ್ಲ. ಶಬರಿಯ ವಿಷಯದಲ್ಲಿ ಮಾತ್ರ ಎರಡೂ ಒಂದಾಗಿದ್ದವು, ಆದ್ದರಿಂದಲೇ ನಾವು ಇಂದಿಗೂ ‘ಶಬರಿಯಂತೆ ಕಾದೆ’ ಎನ್ನುತ್ತೇವೆ.

ಇಂದಿನ ಇಂಗ್ಲಿಷಿನಲ್ಲಿ ಈ ಕ್ರಿಯಾಪದ ಮಾಡುವ ಕೆಲಸಗಳನ್ನು ಈಗ ನೋಡೋಣ. ಮೊದಲನೆಯದು ಮುನ್ನೆಣಿಕೆ: ಹೀಗಾಗುತ್ತದೆಂದು ನನಗನ್ನಿಸುತ್ತದೆ, ಅನ್ನಿಸುವುದಕ್ಕೆ ಕಾರಣವೂ ಇದೆ. ‘ಹೋಪ್’ ಎಂಬುದರಿಂದ ಇದು ಬೇರೆಯಾಗುವುದು ಇಲ್ಲಿಯೇ. ಮಗ ಪಾಸಾಗಲಿ ಎಂದು ಹಾರೈಸುವ ತಾಯಿಗೆ ಕಾರಣ ಬೇಕಿಲ್ಲ, ಪಾಸಾಗುತ್ತಾನೆಂದು ಎಣಿಸುವ ಮೇಷ್ಟರಿಗೆ ಬೇಕು. ಎರಡನೆಯದು ಬೇಡಿಕೆ: ನೀನು ಹೀಗೆ ಮಾಡತಕ್ಕದ್ದು, ಮಾಡದಿದ್ದರೆ ನನಗೆ ಆಕ್ಷೇಪವಿದೆ. ಮೂರನೆಯದು ಹೆಚ್ಚಾಗಿ ಬ್ರಿಟಿಷರ ಬಾಯಲ್ಲಿ ಕೇಳಿಬರುವಂಥದು, ನಮ್ಮ ಪಠ್ಯಗಳಲ್ಲಿ ಅಪರೂಪ. ದೂರದಿಂದ ಬಂದ ಅತಿಥಿಯನ್ನು ಕಂಡು ‘ಐ ಎಕ್ಸ್‌ಪೆಕ್ಟ್ ಯೂ ಆರ್ ಟಯರ್ಡ್’ ಎನ್ನುತ್ತಾರೆ. ಇಲ್ಲಿ ಮುಂದೆ ಆಗಬೇಕಾದದ್ದು ಏನೂ ಇಲ್ಲ, ಅತಿಥಿ ಈಗಾಗಲೇ ದಣಿದಿದ್ದಾನೆ. ಇದು ವರ್ತಮಾನದ ಬಗೆಗಿನ ಊಹೆ. ಇದನ್ನು ‘ನೀವು ದಣಿದಿರುವಿರೆಂದು ನಿರೀಕ್ಷಿಸುತ್ತೇನೆ’ ಎಂದು ಕನ್ನಡಿಸಿದರೆ ಅತಿಥಿ ದಣಿಯಲಿ ಎಂದು ಆತಿಥೇಯ ಕಾಯುತ್ತಿದ್ದಂತಾಗುತ್ತದೆ. ‘ದಣಿದಿರಬೇಕು ನೀವು’ ಎಂದರೆ ಮುಗಿಯಿತು. ಆ ‘ಇರಬೇಕು’ ಎಂಬುದನ್ನು ನೆನಪಿನಲ್ಲಿಡಿ. ಅದರ ಬಳಿಗೆ ಮರಳಿ ಬರುತ್ತೇನೆ.

ವ್ಯಾಕರಣದ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ‘ಎಕ್ಸ್‌ಪೆಕ್ಟ್’ ಆದ ಮೇಲೆ ‘ಟು’ ಸೇರಿದ ಕ್ರಿಯಾರೂಪ ಬರುತ್ತದೆ, ಇಲ್ಲವೇ ‘ದಟ್’ ಬರುತ್ತದೆ. ‘ಇಂಗ್’ ರೂಪ ಬರುವುದಿಲ್ಲ. ಅದರ ನೆರೆಯ ‘ಲುಕ್ ಫಾರ್ವರ್ಡ್ ಟು’ ಎಂಬುದಕ್ಕೆ ‘ಇಂಗ್’ ರೂಪವೇ ಬೇಕು; ಆದರೂ ನಮ್ಮ ಅರ್ಜಿಗಳ ಕೊನೆಯಲ್ಲಿ ‘ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯೂ’ ಎಂಬುದು ಬಿಡದೆ ಕಾಣಿಸಿಕೊಳ್ಳುತ್ತದೆ. ಅನುವಾದಕರಿಗೆ ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ‘ಐ ಎಕ್ಸ್‌ಪೆಕ್ಟ್ ಹಿಮ್ ಟು ಕಮ್’ ಎಂಬ ಒಂದೇ ವಾಕ್ಯ ‘ಅವನು ಬರುತ್ತಾನೆ ಅನ್ನಿಸುತ್ತದೆ’ ಎಂದೂ ಆಗಬಹುದು, ‘ಅವನು ಬರಲೇಬೇಕು’ ಎಂದೂ ಆಗಬಹುದು. ಯಾವುದೆಂಬುದನ್ನು ತೀರ್ಮಾನಿಸುವುದು ವಾಕ್ಯವಲ್ಲ. ಹೇಳುವವರಿಗೂ ಕೇಳುವವರಿಗೂ ನಡುವೆ ಇರುವ ಸಂಬಂಧ. ಗೆಳೆಯ ಹೇಳಿದರೆ ಊಹೆ, ಮೇಲಧಿಕಾರಿ ಹೇಳಿದರೆ ಅಪ್ಪಣೆ. ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದಾಗ ಹೇಳಿದವರೇ ಮಾಯವಾಗುತ್ತಾರೆ. ಯಾರು ‘ಎಕ್ಸ್‌ಪೆಕ್ಟ್’ ಮಾಡುತ್ತಿದ್ದಾರೆಂಬುದು ತಿಳಿಯುವುದಿಲ್ಲ, ಒತ್ತಡ ಮಾತ್ರ ಉಳಿಯುತ್ತದೆ. ಸರಕಾರಿ ಇಂಗ್ಲಿಷಿಗೆ ಈ ರೂಪ ಪ್ರಿಯವಾಗಿರುವುದು ಸುಮ್ಮನೆ ಅಲ್ಲ.

ಊಹೆ ಮತ್ತು ಬೇಡಿಕೆ ಎಷ್ಟು ಹತ್ತಿರ ಕೂತಿವೆ ಎಂಬುದಕ್ಕೆ ಇಂಗ್ಲಿಷರ ಚರಿತ್ರೆಯಲ್ಲೇ ಒಂದು ಸೊಗಸಾದ ಸಾಕ್ಷಿಯಿದೆ. 1805ರ ಅಕ್ಟೋಬರ್ 21ರಂದು ಸ್ಪೇನ್ ದೇಶದ ಟ್ರಫಾಲ್ಗರ್ ಭೂಶಿರದ ಬಳಿ ಬ್ರಿಟಿಷ್ ನೌಕಾಪಡೆ ಫ್ರೆಂಚ್ ಮತ್ತು ಸ್ಪ್ಯಾನಿಷ್ ಪಡೆಗಳನ್ನು ಎದುರಿಸಿತು. ಕಾಳಗ ಶುರುವಾಗುವ ಮುನ್ನ ಅಡ್ಮಿರಲ್ ನೆಲ್ಸನ್ ತನ್ನ ‘ವಿಕ್ಟರಿ’ ಹಡಗಿನಿಂದ ಉಳಿದ ಹಡಗುಗಳಿಗೆ ಒಂದು ಮಾತು ಕಳುಹಿಸಲು ಬಯಸಿದ. ಸಂಕೇತಗಳ ಹೊಣೆ ಹೊತ್ತಿದ್ದ ಅಧಿಕಾರಿ ಜಾನ್ ಪ್ಯಾಸ್ಕೊ. ನೆಲ್ಸನ್ ಹೇಳಿದ ಮಾತಿನಲ್ಲಿ ಮೊದಲಿದ್ದದ್ದು ‘ಎಕ್ಸ್‌ಪೆಕ್ಟ್ಸ್’ ಅಲ್ಲ, ‘ಕನ್‌ಫೈಡ್ಸ್’. ಎಂದರೆ ಪ್ರತಿಯೊಬ್ಬನೂ ತನ್ನ ಕರ್ತವ್ಯ ಮಾಡುತ್ತಾನೆಂದು ಇಂಗ್ಲೆಂಡ್ ನಂಬಿದೆ ಎಂದು. ಆಗ ಬಾವುಟಗಳ ಮೂಲಕ ಮಾತು ಕಳುಹಿಸಲು ಪೋಪಮ್ ಎಂಬ ನೌಕಾಧಿಕಾರಿ ರಚಿಸಿದ್ದ ಸಂಕೇತಕೋಶ ಬಳಕೆಯಲ್ಲಿತ್ತು. ಕೋಶದಲ್ಲಿದ್ದ ಪದಗಳಿಗೆ ಒಂದೊಂದು ಸಂಖ್ಯೆ. ಒಂದು ಸಲ ಬಾವುಟಗಳ ಕಟ್ಟು ಏರಿಸಿದರೆ ಒಂದು ಪದ ಹೋಯಿತು. ಕೋಶದಲ್ಲಿಲ್ಲದ ಪದವನ್ನು ಅಕ್ಷರ ಅಕ್ಷರವಾಗಿ ಏರಿಸಬೇಕಿತ್ತು. ‘ಕನ್‌ಫೈಡ್ಸ್’ ಕೋಶದಲ್ಲಿರಲಿಲ್ಲ, ಅದಕ್ಕೆ ಎಂಟು ಅಕ್ಷರ. ‘ಎಕ್ಸ್‌ಪೆಕ್ಟ್ಸ್’ ಕೋಶದಲ್ಲಿತ್ತು, ಅದರ ಸಂಖ್ಯೆ 269. ಹೊತ್ತು ಉಳಿಯುತ್ತದೆ, ಪದ ಬದಲಿಸಬಹುದೇ ಎಂದು ಪ್ಯಾಸ್ಕೊ ಕೇಳಿದ, ನೆಲ್ಸನ್ ಒಪ್ಪಿದ. ಎಂಟು ಪದಗಳು ಎಂಟು ಸಂಖ್ಯೆಗಳಾಗಿ ಹೋದವು. ತಮಾಷೆಯೆಂದರೆ ‘ಡ್ಯೂಟಿ’ ಎಂಬ ಪದವೂ ಆ ಕೋಶದಲ್ಲಿರಲಿಲ್ಲ. ಕರ್ತವ್ಯವೊಂದನ್ನೇ ನಾಲ್ಕು ಅಕ್ಷರ ಬಿಡಿಸಿ ಏರಿಸಬೇಕಾಯಿತು. ಒಟ್ಟು ಹನ್ನೆರಡು ಏರಿಕೆಗಳು.

ಪದ ಬದಲಾದದ್ದರಿಂದ ಅರ್ಥವೂ ಬದಲಾಯಿತೇ? ನೆಲ್ಸನ್ನನಿಗೆ ಬದಲಾಗಿರಲಿಲ್ಲ ಎಂದೇ ತೋರುತ್ತದೆ. ಅವನ ಕಿವಿಗೆ ಎರಡೂ ಭರವಸೆಯ ಮಾತುಗಳೇ. ಆದರೆ ಕೆಳಗಿನ ನಾವಿಕರಲ್ಲಿ ಕೆಲವರು ‘ನಾವು ಯಾವಾಗ ಕರ್ತವ್ಯ ಮಾಡಿರಲಿಲ್ಲ?’ ಎಂಬ ಅರ್ಥದಲ್ಲಿ ಗೊಣಗಿದರೆಂದು ಅಂದು ಅಲ್ಲಿದ್ದವರ ನೆನಪುಗಳಲ್ಲಿ ಬರುತ್ತದೆ. ಮೇಲಿನಿಂದ ಭರವಸೆಯಾಗಿ ಹೊರಟದ್ದು ಕೆಳಗೆ ತಲುಪುವಾಗ ಎಚ್ಚರಿಕೆಯಾಗಿತ್ತು. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ತಪ್ಪು ತಿಳಿಯಲಿಲ್ಲ. ಪದದಲ್ಲಿಯೇ ಎರಡೂ ಇದ್ದವು. ಈ ವಾಕ್ಯವನ್ನು ಕನ್ನಡಕ್ಕೆ ತರುವುದನ್ನು ಮಧ್ಯಾಹ್ನದ ಅಭ್ಯಾಸಕ್ಕೆ ಬಿಡುತ್ತೇನೆ. ‘ನಿರೀಕ್ಷಿಸುತ್ತದೆ’ ಎಂದು ಬರೆದು ತಂದವರಿಗೆ ಅಂಕವಿಲ್ಲ. ‘ನಂಬಿದೆ’ ಎಂದು ಬರೆದವರು ನೆಲ್ಸನ್ನನ ಪರ, ‘ಮಾಡಲೇಬೇಕು’ ಎಂದು ಬರೆದವರು ನಾವಿಕರ ಪರ.

ಈಗ ಕನ್ನಡದ ಕಡೆಗೆ ತಿರುಗೋಣ. ನನ್ನ ವಾದವನ್ನು ನೇರವಾಗಿ ಹೇಳಿಬಿಡುತ್ತೇನೆ: ‘ಎಕ್ಸ್‌ಪೆಕ್ಟ್’ ಮಾಡುವ ಕೆಲಸವನ್ನು ಕನ್ನಡದಲ್ಲಿ ಒಂದು ಸ್ವತಂತ್ರ ಕ್ರಿಯಾಪದ ಮಾಡುವುದಿಲ್ಲ, ಬಹುಮಟ್ಟಿಗೆ ಅದನ್ನು ಕ್ರಿಯಾಪದದ ಬಾಲ ಮಾಡುತ್ತದೆ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಮುಂದೆ ನಿಂತು ‘ಶಿವಮೊಗ್ಗದ ಬಸ್ಸು ಎಷ್ಟು ಹೊತ್ತಿಗೆ ಸಾರ್?’ ಎಂದು ಕೇಳಿ. ‘ಐದೂವರೆಗೆ ಬರಬೇಕು’ ಎಂಬ ಉತ್ತರ ಬರುತ್ತದೆ. ಆ ‘ಬರಬೇಕು’ ಎಂಬುದನ್ನು ಸ್ವಲ್ಪ ತಿರುವಿ ನೋಡಿ. ವೇಳಾಪಟ್ಟಿಯ ಪ್ರಕಾರ ಅದು ಐದೂವರೆಗೆ ಬರತಕ್ಕದ್ದು ಎಂಬ ನಿಯಮ ಅದರಲ್ಲಿದೆ. ಇಷ್ಟು ಹೊತ್ತಿಗೆ ತೀರ್ಥಹಳ್ಳಿ ಬಿಟ್ಟಿರುತ್ತದೆ, ಆದ್ದರಿಂದ ಬಂದೇ ಬರುತ್ತದೆ ಎಂಬ ಅಂದಾಜು ಅದರಲ್ಲಿದೆ. ಬಂದರೆ ಸಾಕಪ್ಪ, ಈ ಜನ ಕಿಟಕಿ ಬಿಟ್ಟು ಹೋಗುತ್ತಾರೆ ಎಂಬ ಬಯಕೆಯೂ, ಕಂಟ್ರೋಲರ ಮುಖ ನೋಡಿದರೆ, ಅದರಲ್ಲಿದೆ. ಬರದಿದ್ದರೆ ತಾನು ಹೊಣೆಯಲ್ಲ ಎಂಬ ಜಾಣತನವಂತೂ ಇದ್ದೇ ಇದೆ. ‘ದ ಬಸ್ ಈಸ್ ಎಕ್ಸ್‌ಪೆಕ್ಟೆಡ್ ಅಟ್ ಫೈವ್ ಥರ್ಟಿ’ ಎಂಬುದಕ್ಕೆ ಇದಕ್ಕಿಂತ ನಿಖರವಾದ ಅನುವಾದ ನನಗೆ ತಿಳಿದಿಲ್ಲ. ‘ಬಸ್ಸನ್ನು ಐದೂವರೆಗೆ ನಿರೀಕ್ಷಿಸಲಾಗಿದೆ’ ಎಂದು ಆ ಕಿಟಕಿಯೊಳಗಿಂದ ಯಾರಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ?

ಮೂಲತಃ ‘ಬೇಕು’ ಬಯಕೆಯ ಪದ. ‘ನನಗೆ ನೀರು ಬೇಕು’ ಎಂಬಲ್ಲಿ ಅದು ಹಾಗೆಯೇ ಇದೆ. ಕ್ರಿಯಾಪದಕ್ಕೆ ಅಂಟಿದಾಗ ವಿಧಿಯಾಗುತ್ತದೆ: ‘ನೀನು ಬರಬೇಕು’. ‘ಇರು’ ಎಂಬುದರೊಡನೆ ಸೇರಿ ಊಹೆಯಾಗುತ್ತದೆ: ‘ಅವರು ಬಂದಿರಬೇಕು, ಚಪ್ಪಲಿ ಕಾಣುತ್ತಿದೆ’. ಇಂಗ್ಲಿಷಿನ ‘ಎಕ್ಸ್‌ಪೆಕ್ಟ್’ ಊಹೆಯಿಂದ ಹೊರಟು ಬೇಡಿಕೆಗೆ ಬಂದು ಮುಟ್ಟಿತು. ನಮ್ಮ ‘ಬೇಕು’ ಬೇಡಿಕೆಯಿಂದ ಹೊರಟು ಊಹೆಗೆ ಬಂದು ಮುಟ್ಟಿತು. ಒಂದೇ ಸೇತುವೆಯನ್ನು ಇಬ್ಬರೂ ಎದುರುಬದುರು ದಿಕ್ಕಿನಿಂದ ದಾಟಿದ್ದಾರೆ. ಹಾಗಿದ್ದರೂ ನಮ್ಮಲ್ಲಿ ಒಂದು ಅನುಕೂಲವಿದೆ: ‘ಬರಬೇಕು’ ಮತ್ತು ‘ಬಂದಿರಬೇಕು’ ಎಂಬ ಎರಡು ರೂಪಗಳ ನಡುವೆ ಕಿವಿಗೆ ಕೇಳಿಸುವ ವ್ಯತ್ಯಾಸವಿದೆ. ಆ ಸುತ್ತೋಲೆಗೆ ಬೇಕಾಗಿದ್ದದ್ದು ‘ಹಾಜರಿರಬೇಕು’ ಎಂಬ ಆರಕ್ಷರ, ಇನ್ನೂ ಬಿಗಿ ಬೇಕಾಗಿದ್ದರೆ ‘ಹಾಜರಿರತಕ್ಕದ್ದು’.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಉಪಕರಣ ನಮ್ಮಲ್ಲಿದೆ, ಅದು ದಿನೇ ದಿನೇ ಬಳಕೆ ತಪ್ಪುತ್ತಿರುವುದು ನನ್ನನ್ನು ಬೇಸರಗೊಳಿಸುತ್ತದೆ. ಶಾಲೆಯ ವ್ಯಾಕರಣದಲ್ಲಿ ‘ಸಂಭಾವನಾರ್ಥಕ’ ಎಂದು ಕಲಿತು ಮರೆತ ರೂಪಗಳು: ಬಂದಾನು, ಬಂದಾಳು, ಬಂದೀತು, ಬಂದಾರು. ‘ಮಳೆ ಬಂದೀತು, ಕೊಡೆ ತಗೊಂಡು ಹೋಗು’ ಎಂದು ಅಜ್ಜಿ ಹೇಳುವಾಗ ಅಲ್ಲಿ ಹವಾಮಾನ ಮುನ್ಸೂಚನೆಯೂ ಇದೆ, ಸಣ್ಣ ಅಳುಕೂ ಇದೆ. ಮಗು ಮೆಟ್ಟಿಲ ಅಂಚಿಗೆ ಹೋದಾಗ ‘ಬಿದ್ದೀಯೆ, ಜೋಕೆ’ ಎನ್ನುತ್ತೇವೆ. ಬೀಳುವುದನ್ನು ಯಾರೂ ನಿರೀಕ್ಷಿಸುತ್ತಿಲ್ಲ, ಆದರೆ ಬೀಳುವ ಸಂಭವವನ್ನು ಕಣ್ಣಮುಂದೆ ಕಂಡಿದ್ದೇವೆ. ‘ಅವನಾ, ಸಾಲ ತೀರಿಸಿಯಾನಾ!’ ಎಂದು ಕೇಳಿದರೆ ಅದು ಪ್ರಶ್ನೆಯೇ ಅಲ್ಲ, ಅವನಿಂದ ಅಂಥದ್ದನ್ನು ಎಣಿಸಲಾಗದು ಎಂಬ ತೀರ್ಪು. ‘ಹಿ ಕೆನಾಟ್ ಬಿ ಎಕ್ಸ್‌ಪೆಕ್ಟೆಡ್ ಟು ರಿಪೇ’ ಎಂಬ ಉದ್ದನೆಯ ಸಾಲು ಕನ್ನಡದಲ್ಲಿ ಒಂದು ಪ್ರತ್ಯಯ ಮತ್ತು ಒಂದು ದೀರ್ಘಸ್ವರದಲ್ಲಿ ಮುಗಿಯುತ್ತದೆ. ಇಂದಿನ ಬರವಣಿಗೆಯಲ್ಲಿ ಇವೆಲ್ಲದರ ಜಾಗವನ್ನೂ ‘ಬಹುದು’ ಒಂದೇ ನುಂಗುತ್ತಿದೆ. ‘ಮಳೆ ಬರಬಹುದು’ ಎಂಬುದರಲ್ಲಿ ಆ ಅಳುಕಿಲ್ಲ, ಅದು ಆಕಾಶವಾಣಿಯ ದನಿ.

ಆಡುಮಾತಿನಲ್ಲಿ ಮುನ್ನೆಣಿಕೆಗೆ ‘ಅಂದುಕೊಳ್ಳು’ ಎಂಬುದು ಸಾಮಾನ್ಯ: ‘ನೀನು ಬರ್ತೀಯ ಅಂದ್ಕೊಂಡಿದ್ದೆ’. ಕರಾವಳಿಯ ಕಡೆ ಇದನ್ನೇ ‘ಎಣಿಸಿದ್ದೆ’ ಎನ್ನುತ್ತಾರೆ. ನಾನು ಈ ಹೊತ್ತಿನುದ್ದಕ್ಕೂ ಎಣಿಕೆ, ಮುನ್ನೆಣಿಕೆ ಎಂಬ ಪದಗಳನ್ನು ಧೈರ್ಯವಾಗಿ ಬಳಸುತ್ತಿರುವುದು ಆ ಬಲದಿಂದಲೇ. ಎಣಿಸುವುದು ಎಂದರೆ ಲೆಕ್ಕ ಹಾಕುವುದು ಕೂಡ ಆದ್ದರಿಂದ, ಕಾರಣವಿಟ್ಟುಕೊಂಡ ಊಹೆಗೆ ಅದು ಚೆನ್ನಾಗಿ ಒಪ್ಪುತ್ತದೆ. ‘ತಾನೊಂದು ನೆನೆದರೆ ದೈವವೊಂದು ನೆನೆಯಿತು’ ಎಂಬ ಗಾದೆಯಲ್ಲೂ ಇರುವುದು ನೆನೆಯುವುದು, ನಿರೀಕ್ಷಿಸುವುದಲ್ಲ.

ಹಾಗಾದರೆ ‘ನಿರೀಕ್ಷೆ’ ಬೇಡವೇ ಎಂದು ನೀವು ಕೇಳುವುದು ನ್ಯಾಯವೇ. ಬೇಕು, ಆದರೆ ಅದಕ್ಕೊಂದು ವಾಲು ಇದೆ. ಇಂಗ್ಲಿಷಿನ ‘ಎಕ್ಸ್‌ಪೆಕ್ಟ್’ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಮಾನ. ಕನ್ನಡದ ‘ನಿರೀಕ್ಷೆ’ ಬಯಸಿದ್ದರ ಕಡೆಗೆ ಬಾಗಿದೆ. ಕನ್ನಡ ಬೈಬಲ್ಲಿನಲ್ಲಿ ಕೊರಿಂಥದವರಿಗೆ ಬರೆದ ಪತ್ರಿಕೆಯ ಪ್ರಸಿದ್ಧ ಮಾತು ‘ನಂಬಿಕೆ, ನಿರೀಕ್ಷೆ, ಪ್ರೀತಿ’ ಎಂದಿದೆ. ಇಂಗ್ಲಿಷಿನಲ್ಲಿ ಆ ನಡುವಿನ ಪದ ‘ಹೋಪ್’. ಅಂದಿನ ಅನುವಾದಕರು ‘ಹೋಪ್’ಗೆ ‘ನಿರೀಕ್ಷೆ’ಯನ್ನು ಆರಿಸಿದ್ದು ಪದದ ಈ ಬಾಗನ್ನು ಬಲ್ಲವರಂತೆಯೇ. ಹೀಗಿರುವಾಗ, ‘ಡೆತ್ ಟೋಲ್ ಈಸ್ ಎಕ್ಸ್‌ಪೆಕ್ಟೆಡ್ ಟು ರೈಸ್’ ಎಂಬುದನ್ನು ‘ಸಾವಿನ ಸಂಖ್ಯೆ ಏರುವ ನಿರೀಕ್ಷೆಯಿದೆ’ ಎಂದು ಅವಸರದಲ್ಲಿ ಬರೆದ ಸುದ್ದಿಯನ್ನು ಓದಿದಾಗ ಮೈ ಮುದುಡುತ್ತದೆ. ಸುದ್ದಿಮನೆಯ ಒಳ್ಳೆಯ ಉಪಸಂಪಾದಕರು ಇಲ್ಲಿ ‘ಆತಂಕ’, ‘ಭೀತಿ’, ‘ಸಂಭವ’ ಎಂಬ ಪದಗಳಲ್ಲಿ ಒಂದನ್ನು ಹಾಕುತ್ತಾರೆ. ಬೆಳೆಹಾನಿಗೆ ಆತಂಕ, ಬೆಂಬಲ ಬೆಲೆಗೆ ನಿರೀಕ್ಷೆ. ವಿಚಿತ್ರವೆಂದರೆ ಇದರ ನಿಷೇಧರೂಪಕ್ಕೆ ಈ ವಾಲು ಇಲ್ಲ. ‘ಅನಿರೀಕ್ಷಿತ ಸಾವು’, ‘ಅನಿರೀಕ್ಷಿತ ಬಹುಮಾನ’ ಎರಡೂ ಸರಾಗ.

ಇದೇ ಎಡವಟ್ಟು ಕಾನೂನಿನ ಕನ್ನಡದಲ್ಲಿ ಗಟ್ಟಿಯಾಗಿ ಕೂತಿದೆ. ಪತ್ರಿಕೆಗಳಲ್ಲಿ ದಿನವೂ ಕಾಣುವ ‘ನಿರೀಕ್ಷಣಾ ಜಾಮೀನು’ ಎಂಬ ಪದವನ್ನು ನೋಡಿ. ಇಂಗ್ಲಿಷಿನ ‘ಆಂಟಿಸಿಪೇಟರಿ ಬೇಲ್’ ಎಂಬುದರ ಅನುವಾದ ಅದು. ‘ಆಂಟಿಸಿಪೇಟ್’ ಎಂಬುದು ‘ಎಕ್ಸ್‌ಪೆಕ್ಟ್’ನ ನೆಂಟನಂತೆ ಕಂಡರೂ ಅದರ ಬೇರು ನೋಟವಲ್ಲ, ಕೈ: ಲ್ಯಾಟಿನ್ನಿನಲ್ಲಿ ‘ಆಂಟೆ’ ಎಂದರೆ ಮೊದಲು, ‘ಕಾಪೆರೆ’ ಎಂದರೆ ಹಿಡಿಯುವುದು. ಮುಂದಾಗುವುದನ್ನು ಊಹಿಸಿ ಸುಮ್ಮನಿರುವುದು ಅದರ ಅರ್ಥವಲ್ಲ, ಊಹಿಸಿ ಮೊದಲೇ ಕೈಹಾಕುವುದು. ಚದುರಂಗದಲ್ಲಿ ಎದುರಾಳಿಯ ನಡೆಯನ್ನು ‘ಎಕ್ಸ್‌ಪೆಕ್ಟ್’ ಮಾಡಿದವನು ಕಾದು ಕೂರುತ್ತಾನೆ, ‘ಆಂಟಿಸಿಪೇಟ್’ ಮಾಡಿದವನು ಅದಕ್ಕೆ ಮೊದಲೇ ಕಾಯಿ ನಡೆಸಿರುತ್ತಾನೆ. ಮದುವೆಯನ್ನು ‘ಎಕ್ಸ್‌ಪೆಕ್ಟ್’ ಮಾಡುವ ಜೋಡಿಗೂ ‘ಆಂಟಿಸಿಪೇಟ್’ ಮಾಡುವ ಜೋಡಿಗೂ ಇರುವ ವ್ಯತ್ಯಾಸದ ಬಗ್ಗೆ ಇಂಗ್ಲಿಷರಲ್ಲಿ ಹಳೆಯ ನಗೆಮಾತೊಂದಿದೆ; ಅದನ್ನು ಬಿಡಿಸಿ ಹೇಳುವುದಿಲ್ಲ, ನೀವೇ ಊಹಿಸಿಕೊಳ್ಳಿ. ಇಂದು ಬಹುಮಂದಿ ಇವೆರಡನ್ನೂ ಒಂದೇ ಎಂಬಂತೆ ಬಳಸುತ್ತಾರೆ, ಆ ಪ್ರವಾಹಕ್ಕೆ ಅಡ್ಡ ನಿಲ್ಲುವ ಹುಮ್ಮಸ್ಸು ನನಗಿಲ್ಲ. ಆದರೆ ಜಾಮೀನಿನ ಸಂದರ್ಭದಲ್ಲಿ ಈ 'ಮುಂಚಿತವಾಗಿ' ಎಂಬ ಅರ್ಥವೇ ಜೀವಾಳ.

1973ರ ದಂಡ ಪ್ರಕ್ರಿಯಾ ಸಂಹಿತೆಯ 438ನೇ ಕಲಮಿನಲ್ಲಿ ಇದಕ್ಕೆ ಅವಕಾಶವಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 482ನೇ ಕಲಮು. ಸ್ವಾರಸ್ಯವೆಂದರೆ 438ನೇ ಕಲಮಿನ ಮೂಲ ಪಠ್ಯದಲ್ಲಿ ‘ಆಂಟಿಸಿಪೇಟರಿ’ ಎಂಬ ಪದವೇ ಇರಲಿಲ್ಲ. ತಾನು ಬಂಧನಕ್ಕೊಳಗಾಗಬಹುದೆಂದು ನಂಬಲು ಕಾರಣವಿರುವ ವ್ಯಕ್ತಿ ಎಂಬ ಅರ್ಥದ ಮಾತುಗಳಿದ್ದವು. 1976ರಲ್ಲಿ ಬಾಲಚಂದ್ ಜೈನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು, ಈ ಹೆಸರೇ ಸರಿಯಾದುದಲ್ಲ, ನ್ಯಾಯಾಲಯವು ಈಗಲೇ ಜಾಮೀನು ಕೊಟ್ಟುಬಿಡುವುದಿಲ್ಲ, ಬಂಧನವಾದ ಪಕ್ಷದಲ್ಲಿ ಬಿಡತಕ್ಕದ್ದೆಂದು ಆದೇಶಿಸುತ್ತದೆ ಎಂಬರ್ಥದಲ್ಲಿ ಹೇಳಿದರು. ಇಂಗ್ಲಿಷಿನ ಹೆಸರಿಗೇ ಹೀಗೆ ಆಕ್ಷೇಪವಿರುವಾಗ ಕನ್ನಡದ ಹೆಸರಿನ ಗತಿ ಇನ್ನೂ ಕಷ್ಟದ್ದು. ಬಂಧನವನ್ನು ಯಾವ ಆರೋಪಿಯೂ ‘ನಿರೀಕ್ಷೆ’ಯಿಂದ ಎದುರುನೋಡುವುದಿಲ್ಲ, ಹೆದರಿ ವಕೀಲರ ಬಳಿಗೆ ಓಡುತ್ತಾನೆ. ಇನ್ನು ‘ನಿರೀಕ್ಷಣಾ’ ಎಂಬ ಪದ ಲೋಕೋಪಯೋಗಿಯವರ ‘ನಿರೀಕ್ಷಣಾ ಮಂದಿರ’ದಲ್ಲೂ ಇದೆ, ಅಲ್ಲಿ ಅದರ ಅರ್ಥ ತಪಾಸಣೆ. ಸಾಹೇಬರು ತಪಾಸಣೆಗೆ ಬಂದಾಗ ಉಳಿಯುವ ಬಂಗಲೆಗೂ ಬಂಧನದ ಭಯದಲ್ಲಿರುವವನ ಜಾಮೀನಿಗೂ ಒಂದೇ ವಿಶೇಷಣ! ‘ಮುಂಗಡ ಜಾಮೀನು’ ಎಂದಿದ್ದರೆ ಹಳ್ಳಿಯ ಕಕ್ಷಿಗಾರನಿಗೂ ತಿಳಿಯುತ್ತಿತ್ತು. ಆದರೆ ಚಲಾವಣೆಯಲ್ಲಿರುವ ಪಾರಿಭಾಷಿಕವನ್ನು ಅನುವಾದಕ ಒಬ್ಬನೇ ಬದಲಿಸಲಾರ. ನಾನೂ ನ್ಯಾಯಾಲಯದ ಪತ್ರಗಳಲ್ಲಿ ‘ನಿರೀಕ್ಷಣಾ ಜಾಮೀನು’ ಎಂದೇ ಬರೆಯುತ್ತೇನೆ.

ಯಾರೂ ಕಾಯದ, ಯಾರೂ ಬಯಸದ ಇನ್ನೊಂದು ನಿರೀಕ್ಷೆಯಿದೆ, ಅದು ಗಣಿತದ್ದು. 1657ರಲ್ಲಿ ಡಚ್ ಗಣಿತಜ್ಞ ಕ್ರಿಸ್ಟಿಯಾನ್ ಹೈಗೆನ್ಸ್ ದಾಳದ ಆಟಗಳ ಲೆಕ್ಕಾಚಾರದ ಕುರಿತು ಬರೆದ ಕಿರುಗ್ರಂಥ ಲ್ಯಾಟಿನ್ನಿನಲ್ಲಿ ಪ್ರಕಟವಾದಾಗ, ಆಟಗಾರನ ಪಾಲಿಗೆ ನ್ಯಾಯವಾಗಿ ಸಲ್ಲಬೇಕಾದ ಮೊತ್ತಕ್ಕೆ ‘ಎಕ್ಸ್‌ಪೆಕ್ಟಾಟಿಯೊ’ ಎಂಬ ಪದ ಬಂತು. ದಾಳದ ಬದಲು ನಮ್ಮ ಚೌಕಾಬಾರವನ್ನೇ ತೆಗೆದುಕೊಳ್ಳೋಣ. ನಾಲ್ಕು ಕವಡೆ, ಎಷ್ಟು ಅಂಗಾತ ಬಿದ್ದರೆ ಅಷ್ಟು ಮನೆ, ನಾಲ್ಕೂ ಅಂಗಾತವಾದರೆ ಚೌಕ ಎಂದರೆ ನಾಲ್ಕು, ನಾಲ್ಕೂ ಕವುಚಿದರೆ ಬಾರ ಎಂದರೆ ಎಂಟು. ಕವಡೆ ಎರಡೂ ಬಗೆಯಲ್ಲಿ ಸಮವಾಗಿ ಬೀಳುತ್ತದೆಂದು ಇಟ್ಟುಕೊಂಡರೆ ಹದಿನಾರು ಬಗೆಯ ಬೀಳುವಿಕೆಗಳಿವೆ: ಒಂದರಲ್ಲಿ ಎಂಟು, ನಾಲ್ಕರಲ್ಲಿ ಒಂದು, ಆರರಲ್ಲಿ ಎರಡು, ನಾಲ್ಕರಲ್ಲಿ ಮೂರು, ಒಂದರಲ್ಲಿ ನಾಲ್ಕು. ಕೂಡಿದರೆ 40, ಹದಿನಾರರಿಂದ ಭಾಗಿಸಿದರೆ 2.5. ಇದೇ ಒಂದು ಎಸೆತದ ‘ಎಕ್ಸ್‌ಪೆಕ್ಟೆಡ್ ವ್ಯಾಲ್ಯೂ’. ಜೀವಮಾನವಿಡೀ ಆಡಿದರೂ ಕವಡೆ ಎರಡೂವರೆ ಬೀಳುವುದಿಲ್ಲ. ಅದನ್ನು ಎದುರುನೋಡುವ ಹುಚ್ಚು ಯಾರಿಗೂ ಇಲ್ಲ. ಇಲ್ಲಿ ‘ನಿರೀಕ್ಷಿತ ಬೆಲೆ’ ಎಂದು ಬರೆಯುವಾಗ ಅದು ಸರಾಸರಿಯ ಇನ್ನೊಂದು ಹೆಸರೆಂದು ಓದುಗರಿಗೆ ಒಂದು ಸಲ ತಿಳಿಸುವುದು ಒಳ್ಳೆಯದು.

ತಾಯಿ ಕಾರ್ಡಿನಲ್ಲಿ ಬರೆದಿರುವ ‘ಹೆರಿಗೆಯ ನಿರೀಕ್ಷಿತ ದಿನಾಂಕ’ ಇದಕ್ಕೆ ಹತ್ತಿರದ್ದು. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಅದನ್ನು ಬರೆಯುತ್ತಾರೆ, ಆದರೆ ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ಕೆಲವೇ. ಹಳೆಯ ಕನ್ನಡದ ‘ದಿನ ತುಂಬಿವೆ’ ಎಂಬ ಮಾತು ಒಂದು ದಿನಾಂಕಕ್ಕೆ ಕಟ್ಟುಬೀಳದೆ ಒಂದು ಅವಧಿಯನ್ನು ಹೇಳುತ್ತಿತ್ತು. ಅಂದ ಹಾಗೆ ‘ಶಿ ಈಸ್ ಎಕ್ಸ್‌ಪೆಕ್ಟಿಂಗ್’ ಎಂಬಲ್ಲಿ ಇಂಗ್ಲಿಷಿನವರು ಸಂಕೋಚದಿಂದ ಕರ್ಮಪದವನ್ನೇ ನುಂಗಿದ್ದಾರೆ. ನಮ್ಮವರ ಸಂಕೋಚ ಇನ್ನೂ ಒಂದು ಹೆಜ್ಜೆ ಮುಂದೆ: ‘ಏನಾದರೂ ವಿಶೇಷ ಇದೆಯೇನಮ್ಮ?’

ಕೊನೆಯದಾಗಿ, ಅನುವಾದವಾಗದೆ ಇಂಗ್ಲಿಷ್ ಪದವೇ ಕನ್ನಡದೊಳಗೆ ಬಂದು ನೆಲೆಸಿದ ಬಗೆಯನ್ನು ನೋಡಬೇಕು. ‘ನಾನಿದನ್ನ ಎಕ್ಸ್‌ಪೆಕ್ಟೇ ಮಾಡಿರ್ಲಿಲ್ಲ’ ಎಂಬುದು ಇಂದು ಬೆಂಗಳೂರಿನಲ್ಲಷ್ಟೇ ಅಲ್ಲ, ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲೂ ಕೇಳುವ ಮಾತು. ಇದಕ್ಕೆ ಮೂಗು ಮುರಿಯುವವರ ಗುಂಪಿನಲ್ಲಿ ನಾನಿಲ್ಲ. ‘ಅಂದ್ಕೊಂಡಿರ್ಲಿಲ್ಲ’ ಎಂಬುದಕ್ಕಿಂತ ಹೆಚ್ಚಿನ ಅಚ್ಚರಿ ಅದರಲ್ಲಿ ಧ್ವನಿಸುತ್ತದೆ ಎಂಬುದು ನಿಜ. ನನ್ನ ಕಿವಿ ನಿಮಿರುವುದು ಅದರ ನಾಮಪದ ಬಂದಾಗ. ಹೆಣ್ಣು ನೋಡುವ ಶಾಸ್ತ್ರ ಮುಗಿದು, ಕಾಫಿ ಲೋಟಗಳು ಒಳಗೆ ಹೋದ ಮೇಲೆ, ಹುಡುಗಿಯ ಸೋದರಮಾವ ಗಂಟಲು ಸರಿಮಾಡಿಕೊಂಡು ‘ತಮ್ಮ ಎಕ್ಸ್‌ಪೆಕ್ಟೇಶನ್ ಏನಾದರೂ ಇದ್ದರೆ...’ ಎಂದು ನಿಲ್ಲಿಸುತ್ತಾರೆ. ಹುಡುಗನ ತಂದೆ ‘ಛೆ ಛೆ, ನಮ್ಮದೇನೂ ಎಕ್ಸ್‌ಪೆಕ್ಟೇಶನ್ ಇಲ್ಲ, ನಿಮ್ಮ ಮಗಳಿಗೆ ನೀವು ಏನು ಮಾಡ್ತೀರೋ ಅದು’ ಎನ್ನುತ್ತಾರೆ. ಈ ಸಂಭಾಷಣೆಯಲ್ಲಿ ಆ ಪದವನ್ನು ತೆಗೆದು ‘ಬೇಡಿಕೆ’ ಎಂದಿಟ್ಟು ನೋಡಿ, ಅಲ್ಲಿ ಕೂತವರೆಲ್ಲ ಎದ್ದು ಹೋಗುತ್ತಾರೆ. ‘ನಿರೀಕ್ಷೆ’ ಎಂದಿಟ್ಟು ನೋಡಿ, ಮಾತು ಪುಸ್ತಕದ್ದಾಗಿ ನಗೆ ಬರುತ್ತದೆ. ‘ನಿಮಗೇನು ಬೇಕು?’ ಎಂದು ಕೇಳಿದರೆ ಅದು ಅಂಗಡಿಯ ಪ್ರಶ್ನೆಯಾಗುತ್ತದೆ. ಊಹೆಯ ಮುಖವಾಡ ತೊಟ್ಟು ಬೇಡಿಕೆ ಒಳಗೆ ಬರಲು ಇಂಗ್ಲಿಷಿನ ಆ ಪದವೇ ಆಗಬೇಕು. ಕನ್ನಡದ ‘ಬೇಕು’ ಅಷ್ಟು ನಯವಾಗಿ ಮುಖ ಮರೆಸಿಕೊಳ್ಳಲಾರದು. 1961ರ ವರದಕ್ಷಿಣೆ ನಿಷೇಧ ಕಾಯಿದೆಯನ್ನು ಬರೆದವರಿಗೆ ಈ ಬೈಠಕ್ಕು ಚೆನ್ನಾಗಿ ಗೊತ್ತಿದ್ದಂತಿದೆ. ಬೇಡಿಕೆಯನ್ನು ಶಿಕ್ಷಾರ್ಹವಾಗಿಸುವ ಅದರ 4ನೇ ಕಲಮಿನಲ್ಲಿ ಅವರು ‘ನೇರವಾಗಿ ಅಥವಾ ಪರೋಕ್ಷವಾಗಿ’ ಎಂಬ ಮಾತನ್ನು ಸೇರಿಸಿದ್ದಾರೆ.